ಹಚ್ಚೆ: ಅಲಂಕಾರಕ್ಕೆ ಮೊದಲು ಅದೊಂದು ಗಾಯ

ನಮ್ಮ ಭಾಗದ ಹಿರಿಯ ತಾಯಂದಿರ ಮುಂಗೈಗಳನ್ನು ಕಂಡವರಿಗೆ ಹಚ್ಚೆ ಹೊಸದಲ್ಲ. ಕೊರವಂಜಿಯರು ಮನೆಯಂಗಳಕ್ಕೆ ಬಂದು, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ ರಂಗೋಲಿಯಂಥ ಚಿತ್ತಾರಗಳನ್ನು ಬಿಡಿಸುತ್ತಿದ್ದರು. ಸತ್ತಾಗ ಒಡವೆಗಳೆಲ್ಲ ಇಲ್ಲಿಯೇ ಉಳಿದು ಹಚ್ಚೆಯೊಂದೇ ಸಂಗಡ ಬರುತ್ತದೆ ಎಂಬುದು ಅಂದಿನ ನಂಬಿಕೆ. ಇಂದು ತುಮಕೂರು ನಗರದ ಯುವಜನರು ಟ್ಯಾಟೂ ಅಂಗಡಿಗೆ ಹೋಗುತ್ತಾರೆ. ಗುಬ್ಬಿ, ಕುಣಿಗಲ್ ಕಡೆಯ ಜಾತ್ರೆಗಳಲ್ಲಿ ಯಂತ್ರ ಹಿಡಿದು ಕುಳಿತವರ ಮುಂದೆ ಕೈಚಾಚುವವರೂ ಇದ್ದಾರೆ. ಹಚ್ಚೆ ಬೇಕೋ ಬೇಡವೋ ಎಂಬುದು ಅವರವರಿಗೆ ಬಿಟ್ಟದ್ದು. ಆದರೆ ಅದು ಅಲಂಕಾರವಾಗುವ ಮೊದಲು ಒಂದು ಗಾಯ ಎಂಬುದನ್ನು ನಾವು ಮರೆಯಬಾರದು.

ಚರ್ಮದೊಳಗೆ ನಡೆಯುವುದೇನು?

ಸೂಜಿಯು ಚರ್ಮದ ಮೇಲ್ಪದರವನ್ನು ದಾಟಿ, ಸುಮಾರು 1ರಿಂದ 2 ಮಿಲಿಮೀಟರ್ ಆಳದ ಒಳಪದರಕ್ಕೆ ಬಣ್ಣವನ್ನು ಇಳಿಸುತ್ತದೆ. ಮೇಲ್ಪದರವು ಕೆಲವು ವಾರಗಳಿಗೊಮ್ಮೆ ಉದುರಿ ಹೊಸದಾಗುತ್ತದೆ, ಒಳಪದರ ಹಾಗಲ್ಲ. ದೇಹದ ಕಾವಲು ಜೀವಕೋಶಗಳು ಬಣ್ಣವನ್ನು ಪರವಸ್ತುವೆಂದು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಒಂದು ಜೀವಕೋಶ ಸತ್ತರೆ ಅದು ಬಿಟ್ಟ ಬಣ್ಣವನ್ನು ಮತ್ತೊಂದು ಹಿಡಿದಿಟ್ಟುಕೊಳ್ಳುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಹಚ್ಚೆ ಅಳಿಯದಿರುವುದು ಇದರಿಂದಲೇ. ಅಜ್ಜಿಯ ಕೈಯ ಕಪ್ಪು ಕಾಡಿಗೆ ಹಸಿರಾಗಿ ಕಾಣುವುದಕ್ಕೆ ಚರ್ಮದಲ್ಲಿ ಬೆಳಕು ಚದುರುವುದೇ ಕಾರಣ.

ಸೂಜಿಯ ಬಗ್ಗೆ ಎಚ್ಚರ

ಒಬ್ಬರಿಗೆ ಚುಚ್ಚಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಸೋಂಕುಗಳು ಹರಡಬಹುದು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ 7 ದಿನಗಳವರೆಗೂ ಜೀವಂತವಾಗಿರಬಲ್ಲದು. ಆದುದರಿಂದ ಬಿಸಿನೀರಿನಲ್ಲಿ ಅದ್ದಿ ಒರೆಸಿದ ಸೂಜಿ ಶುದ್ಧವಾಯಿತೆಂದು ತಿಳಿಯಬಾರದು. ಮೊಹರಾದ ಹೊಸ ಸೂಜಿಯನ್ನು ನಮ್ಮೆದುರೇ ಬಿಚ್ಚಬೇಕು. ಹೊಸ ಕೈಗವಸು ಧರಿಸಬೇಕು. ಬಣ್ಣವನ್ನು ನಮಗಾಗಿಯೇ ಬೇರೆ ಬಟ್ಟಲಿಗೆ ಸುರಿಯಬೇಕು. ಸಂಶಯ ಬಂದರೆ ಸಂಕೋಚಪಡದೆ ಎದ್ದು ಬರುವುದೇ ಜಾಣತನ. ಹೆಪಟೈಟಿಸ್ ಬಿ ಲಸಿಕೆಯನ್ನು ವಯಸ್ಕರೂ ಪಡೆಯಬಹುದು. ಈಗಾಗಲೇ ಸಂಶಯಾಸ್ಪದ ಸೂಜಿಯಿಂದ ಚುಚ್ಚಿಸಿಕೊಂಡವರು ಜಿಲ್ಲಾ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರಕ್ತದಾನ ಶಿಬಿರದಲ್ಲಿ ಹಚ್ಚೆಯ ವಿಷಯವನ್ನು ಮುಚ್ಚಿಡಬಾರದು.

ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು, ಗಾಯವಾದೆಡೆ ಉಬ್ಬುಗಲೆ ಬೆಳೆಯುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು. ಗರ್ಭಿಣಿಯರು ಹೆರಿಗೆಯವರೆಗೆ ಮುಂದೂಡುವುದು ಲೇಸು. ಮಚ್ಚೆಯ ಮೇಲೆ ಹಚ್ಚೆ ಬೇಡ. ಮುಂದೆ ಅದರಲ್ಲಿ ಬದಲಾವಣೆಯಾದರೆ ಕಣ್ಣಿಗೆ ಬೀಳುವುದಿಲ್ಲ.

ಮೊದಲ ಮೂರು ವಾರಗಳು

ಕೈ ತೊಳೆದುಕೊಂಡ ಬಳಿಕವೇ ಹಚ್ಚೆಯನ್ನು ಮುಟ್ಟಬೇಕು. ದಿನಕ್ಕೆ ಎರಡು ಬಾರಿ ಉಗುರುಬೆಚ್ಚಗಿನ ನೀರು ಹಾಗೂ ಸೌಮ್ಯವಾದ ಸಾಬೂನಿನಿಂದ ತೊಳೆದು, ಉಜ್ಜದೆ, ಶುಭ್ರ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಅನಂತರ ಸುವಾಸನೆಯಿಲ್ಲದ ಮುಲಾಮನ್ನೋ ವ್ಯಾಸಲೀನನ್ನೋ ತೆಳುವಾಗಿ ಸವರಬೇಕು. ಹಕ್ಕಳೆ ಕಟ್ಟುವುದೂ ತುರಿಕೆಯಾಗುವುದೂ ಸಹಜ. ಹಕ್ಕಳೆಯನ್ನು ಕಿತ್ತರೆ ಬಣ್ಣವೂ ಕಿತ್ತುಬಂದು ಕಲೆ ಉಳಿಯುತ್ತದೆ. ಅರಿಶಿನ, ಸುಣ್ಣ, ಬೂದಿ ಮೆತ್ತಬಾರದು. ತೋಳು, ಎದೆಗಳಿಗೆ ವಿಭೂತಿ ಧರಿಸುವವರು ಗಾಯ ಮಾಯುವವರೆಗೆ ಆ ಜಾಗವನ್ನಷ್ಟೇ ಬಿಟ್ಟು ಧರಿಸಲಿ. ಎದೆಯ ಮೇಲೆ ಹಾಕಿಸಿಕೊಂಡವರು ಕರಡಿಗೆ, ಶಿವದಾರಗಳು ಹಸಿಗಾಯಕ್ಕೆ ಉಜ್ಜದಂತೆ ನೋಡಿಕೊಳ್ಳಬೇಕು. ಕೆರೆಯ ಈಜು ಈ ಅವಧಿಯಲ್ಲಿ ಸಲ್ಲದು.

ಧನುರ್ವಾಯುವಿನ ರೋಗಾಣುಗಳು ಮಣ್ಣಿನಲ್ಲೂ ದನದ ಸಗಣಿ, ಕುದುರೆಯ ಲದ್ದಿಗಳಲ್ಲೂ ಇರುತ್ತವೆ. ಗುಬ್ಬಿಯ ತೆಂಗು, ಅಡಿಕೆ ತೋಟಗಳಲ್ಲಿ, ಕುಣಿಗಲ್ಲಿನ ಕುದುರೆ ಲಾಯಗಳಲ್ಲಿ, ನಮ್ಮ ದನದ ಕೊಟ್ಟಿಗೆಗಳಲ್ಲಿ ದುಡಿಯುವವರು ಹಸಿ ಹಚ್ಚೆಯನ್ನು ಮುಚ್ಚಿಕೊಂಡೇ ಕೆಲಸಕ್ಕಿಳಿಯಬೇಕು. ಹತ್ತು ವರ್ಷಗಳಲ್ಲಿ ಧನುರ್ವಾಯು ಚುಚ್ಚುಮದ್ದು ಆಗಿಲ್ಲದಿದ್ದರೆ ಹಾಕಿಸಿಕೊಳ್ಳಬೇಕು.

ಮೊದಲ ಎರಡು ಮೂರು ದಿನಗಳ ಕೆಂಪು, ಊತ ತಾನಾಗಿ ಇಳಿಯಬೇಕು. ಬದಲಾಗಿ ನೋವು ಹೆಚ್ಚಿದರೆ, ಕೆಂಪು ಹರಡಿದರೆ, ಕೀವು ಅಥವಾ ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. ತಿಂಗಳುಗಳ ಬಳಿಕ ಬಣ್ಣದ ಭಾಗವಷ್ಟೇ ಉಬ್ಬಿ ತುರಿಸಿದರೆ ಅದು ಒಗ್ಗದಿಕೆ. ಕೆಂಪು ಬಣ್ಣದಲ್ಲಿ ಇದು ಹೆಚ್ಚು.

ವರುಷಗಳು ಕಳೆದಂತೆ

ಮಾಗಿದ ಹಚ್ಚೆಗೆ ಬಿಸಿಲೇ ದೊಡ್ಡ ಶತ್ರು. ಸೂರ್ಯನ ಅತಿನೇರಳೆ ಕಿರಣಗಳು ಬಣ್ಣವನ್ನು ಒಡೆದು ಮಸುಕಾಗಿಸುತ್ತವೆ. ಹೊಲದಲ್ಲಿ ದುಡಿಯುವವರಿಗೆ ತುಂಬುತೋಳಿನ ಹತ್ತಿಯ ಅಂಗಿಯೇ ಉತ್ತಮ ರಕ್ಷೆ. ಉಳಿದವರು ಗಾಯ ಪೂರ್ಣವಾಗಿ ಮಾಗಿದ ಮೇಲೆ ಸನ್‌ಸ್ಕ್ರೀನ್ ಬಳಸಬಹುದು. ವಯಸ್ಸಿನೊಂದಿಗೆ ಗೆರೆಗಳು ಅಲ್ಪಸ್ವಲ್ಪ ಹರಡುತ್ತವೆಯಾದ್ದರಿಂದ ಒತ್ತೊತ್ತಾದ ಸಣ್ಣ ಅಕ್ಷರಗಳಿಗಿಂತ ಬಿಡಿಯಾದ ಸರಳ ಚಿತ್ತಾರ ಬಾಳುತ್ತದೆ. ಅಜ್ಜಿಯ ಕೈಯ ಚುಕ್ಕಿಗಳನ್ನು ಇಂದಿಗೂ ಗುರುತಿಸಬಹುದು ಎನ್ನುವುದರ ಗುಟ್ಟು ಇದೇ. ಲೇಸರಿನಿಂದ ಅಳಿಸಲು ಹಲವು ಬಾರಿ ಹೋಗಬೇಕು, ಖರ್ಚೂ ಹೆಚ್ಚು, ಗುರುತು ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. ಜಾತ್ರೆಯ ಗದ್ದಲದಲ್ಲಿ ಕ್ಷಣಾರ್ಧದಲ್ಲಿ ಕೈಚಾಚುವ ಮೊದಲು ಮನೆಗೆ ಬಂದು ನಾಲ್ಕು ದಿನ ಯೋಚಿಸೋಣ. ಜೀವಮಾನವಿಡೀ ಸಂಗಡ ಬರುವಂಥದಕ್ಕೆ ಅಷ್ಟು ತಾಳ್ಮೆ ಸಲ್ಲಬೇಕು.