ಇಂಗ್ಲೆಂಡಿನಲ್ಲಿ ಪ್ರಜಾಪ್ರಭುತ್ವದ ಬೆಳವಣಿಗೆ

ಯುರೋಪಿನ ಅರಸರು ಬಹುಕಾಲ ತಮ್ಮ ಅಧಿಕಾರವು ದೈವದತ್ತವಾದುದೆಂದು ಸಾರುತ್ತಿದ್ದರು. ಆ ಅಧಿಕಾರಕ್ಕೆ ಎಲ್ಲೆ ಬಿದ್ದ ಬಗೆಯನ್ನು ಇಂಗ್ಲೆಂಡಿನ ಇತಿಹಾಸದಿಂದ ಅರಿಯಬಹುದು. ಅಲ್ಲಿನ ಕಲಹಕ್ಕೆ ತೆರಿಗೆಯೇ ಮುಖ್ಯ ಕಾರಣವಾಗಿದ್ದಿತು. 1215ರಲ್ಲಿ ಸಾಮಂತರು ದೊರೆ ಜಾನನಿಂದ ಮ್ಯಾಗ್ನಕಾರ್ಟ ಎಂಬ ಸನ್ನದನ್ನು ಪಡೆದರು. ದೊರೆಯೂ ಕಾನೂನಿಗೆ ಅಧೀನನೆಂಬ ತತ್ತ್ವವು ಅದರಲ್ಲಿ ಮೊಳೆಯಿತು.

ಒಂದನೆಯ ಚಾರ್ಲ್ಸನು 1629ರಿಂದ 11 ವರ್ಷಕಾಲ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದನು. ಅದರ ಸಮ್ಮತಿಯಿಲ್ಲದೆ ನೌಕಾತೆರಿಗೆಯನ್ನು ವಿಧಿಸಿದನು. ಆದರೆ ಸ್ಕಾಟ್ಲೆಂಡಿನವರೊಡನೆ ಯುದ್ಧವೊದಗಿದಾಗ ಹಣ ಸಾಲದೆ, 1640ರಲ್ಲಿ ಪಾರ್ಲಿಮೆಂಟನ್ನು ಕರೆಯಲೇಬೇಕಾಯಿತು. ವಿರಸವು ಬೆಳೆದು 1642ರಲ್ಲಿ ಅಂತರ್ಯುದ್ಧ ಆರಂಭವಾಯಿತು. 1649ರಲ್ಲಿ ಅರಸನ ಶಿರಶ್ಛೇದವಾಯಿತು.

1660ರಲ್ಲಿ ಅರಸೊತ್ತಿಗೆಯು ಮರಳಿತಾದರೂ ಕಲಹವು ಮುಗಿಯಲಿಲ್ಲ. 1688ರಲ್ಲಿ ಎರಡನೆಯ ಜೇಮ್ಸನು ದೇಶಬಿಟ್ಟು ಓಡಿದನು. ಪಾರ್ಲಿಮೆಂಟಿನ ಒಪ್ಪಿಗೆಯಿಲ್ಲದೆ ತೆರಿಗೆ ವಿಧಿಸುವುದಾಗಲಿ, ಶಾಂತಿಕಾಲದಲ್ಲಿ ಸೈನ್ಯವನ್ನಿರಿಸುವುದಾಗಲಿ ಸಲ್ಲದೆಂದು 1689ರ ಹಕ್ಕುಗಳ ಶಾಸನವು ವಿಧಿಸಿತು. ಸಿಂಹಾಸನವು ಉಳಿಯಿತು, ಬೊಕ್ಕಸದ ಬೀಗದಕೈ ಪಾರ್ಲಿಮೆಂಟಿನ ವಶವಾಯಿತು.

ಆದರೆ ಆ ಪಾರ್ಲಿಮೆಂಟು ಇನ್ನೂ ಜನರೆಲ್ಲರದಾಗಿರಲಿಲ್ಲ. ಆಸ್ತಿವಂತರಾದ ಕೆಲವೇ ಪುರುಷರಿಗೆ ಮತದಾನದ ಹಕ್ಕಿದ್ದಿತು. 1832ರ ಸುಧಾರಣೆಯಿಂದ ಮೊದಲ್ಗೊಂಡು ಅದು ಹಂತಹಂತವಾಗಿ ವಿಸ್ತರಿಸಿ, 1928ರಲ್ಲಿ ಸ್ತ್ರೀಯರಿಗೂ ಪುರುಷರಿಗೆ ಸಮನಾಗಿ ದೊರೆಯಿತು. ಅರಸನ ಅಧಿಕಾರಕ್ಕೆ ಎಲ್ಲೆ ಹಾಕಿದ ಮೇಲೆ, ಆ ಅಧಿಕಾರದಲ್ಲಿ ಸಾಮಾನ್ಯರೆಲ್ಲರಿಗೂ ಪಾಲು ದೊರೆಯಲು ಮತ್ತೆ 239 ವರ್ಷಗಳು ಬೇಕಾದುವು.