ತಾತ ಕೆಮ್ಮಬೇಕು

ಹೊಸೂರು, ತಳಿ, ದೇಂಕಣಿಕೋಟೆ ಕಡೆ ‘ಬ್ಲಾಕ್’ ಎಂದರೆ ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎಂದೇ ಅರ್ಥ. ತಂದೆಗೆ ಮೂರು ಬ್ಲಾಕ್ ಇದೆಯೆಂದು ಅತ್ತಿಬೆಲೆ ದಾಟಿ ಬೆಂಗಳೂರಿಗೆ ಕರೆತಂದ ಮಗನಿಗೆ, ಅರಿವಳಿಕೆ ವೈದ್ಯರು “ಬೆನ್ನಿಗೊಂದು ಬ್ಲಾಕ್ ಕೊಡ್ತೀವಿ” ಎಂದರೆ ಎದೆ ಧಸಕ್ಕೆನ್ನುತ್ತದೆ. “ಇರೋದನ್ನ ತೆಗೀರಿ ಅಂತ ಬಂದ್ರೆ ಇನ್ನೊಂದು ಯಾಕೆ ಸಾರ್?” ಕೇಳಬೇಕಾದ ಪ್ರಶ್ನೆಯೇ. ವೈದ್ಯರು ಹೇಳುತ್ತಿರುವುದು ನರದ ಬ್ಲಾಕ್, ನೋವಿನ ಸುದ್ದಿಯನ್ನು ದಾರಿಯಲ್ಲೇ ತಡೆಯುವಂಥದ್ದು.

ಬೈಪಾಸ್ ಆದವರಿಗೆ ಹೆಚ್ಚಾಗಿ ನೋಯುವುದು ಎದೆಮೂಳೆ. ಅದನ್ನು ಗರಗಸದಿಂದ ಉದ್ದಕ್ಕೆ ಸೀಳಿ, ಅಗಲಿಸಿ, ಕೊನೆಗೆ ಉಕ್ಕಿನ ತಂತಿಯಿಂದ ಬಿಗಿದಿರುತ್ತಾರೆ. ಮರುದಿನ ನರ್ಸ್ ಬಂದು ಎದೆಗೆ ದಿಂಬು ಅವಚಿಕೊಳ್ಳಲು ಹೇಳಿ, “ಜೋರಾಗಿ ಕೆಮ್ಮಿ ತಾತ” ಎನ್ನುತ್ತಾರೆ. ಕಫ ಹೊರಬರದಿದ್ದರೆ ಶ್ವಾಸಕೋಶದ ತಳ ಮುದುಡಿ, ನ್ಯುಮೋನಿಯಾಗೆ ದಾರಿಯಾಗುತ್ತದೆ. ನೋವಿಗೆ ಹೆದರಿ ತಾತ ಅರ್ಧಕ್ಕೇ ನಿಲ್ಲಿಸುತ್ತಾರೆ. ಉಸಿರೆಳೆದು ಮೂರು ಚೆಂಡು ಎಬ್ಬಿಸಬೇಕಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಚೆಂಡು ಅಲ್ಲಾಡಿ ಸುಮ್ಮನಾಗುತ್ತದೆ. ಮಾರ್ಫಿನ್, ಫೆಂಟನಿಲ್ ನೋವನ್ನು ತಗ್ಗಿಸುತ್ತವೆ. ಪ್ರಮಾಣ ಹೆಚ್ಚಿದರೆ ಉಸಿರನ್ನೂ ತಗ್ಗಿಸುತ್ತವೆ. ವಾಕರಿಕೆ, ಮಂಪರು ಬೇರೆ.

ಎದೆಯ ನರಗಳು ಬೆನ್ನುಹುರಿಯಿಂದ ಜೋಡಿಜೋಡಿಯಾಗಿ ಹೊರಟು, ಪಕ್ಕೆಲುಬಿನ ಅಂಚು ಹಿಡಿದು ಮುಂದಕ್ಕೆ ಬರುತ್ತವೆ. ಹಳೆಯ ಉಪಾಯ ಎಪಿಡ್ಯೂರಲ್: ಬೆನ್ನುಹುರಿಯ ಹೊದಿಕೆಯ ಹೊರಗೆ ಸಣ್ಣ ನಳಿಕೆಯಿಟ್ಟು ಮರಗಟ್ಟಿಸುವ ಔಷಧಿ ಬಿಡುವುದು. ಆದರೆ ಹಾರ್ಟ್-ಲಂಗ್ ಯಂತ್ರಕ್ಕೆ ಜೋಡಿಸುವಾಗ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಡಲೇಬೇಕು. ಆಗ ನಳಿಕೆಯ ಜಾಗದಲ್ಲಿ ರಕ್ತ ಒಸರಿ ಹುರಿಯನ್ನು ಅದುಮಿದರೆ ಕಾಲಿನ ಸ್ವಾಧೀನ ಹೋಗಬಹುದು. ಅಪರೂಪವೇ, ಆದರೆ ಅಷ್ಟಕ್ಕೇ ಕೈ ಹಿಂಜರಿಯುತ್ತದೆ.

2016ರಲ್ಲಿ ಕೆನಡಾದ ಮೌರಿಸಿಯೊ ಫೊರೆರೊ ಮತ್ತು ಸಂಗಡಿಗರು ಹುರಿಯಿಂದ ದೂರದ ಜಾಗವೊಂದನ್ನು ತೋರಿಸಿದರು. ಬೆನ್ನೆಲುಬಿನ ಎರಡೂ ಪಕ್ಕ ಕೈಗೆ ಸಿಗುವ ದಪ್ಪ ಸ್ನಾಯುವಿನ ಅಡಿ. ಅಲ್ಟ್ರಾಸೌಂಡ್ ಪರದೆಯಲ್ಲಿ ಮೂಳೆಯ ತುದಿ ಬಿಳಿ ಗೆರೆಯಾಗಿ, ಅದರ ಹಿಂದೆ ಕಪ್ಪು ನೆರಳಾಗಿ ಕಾಣುತ್ತದೆ. ಸೂಜಿ ಆ ಗೆರೆಯನ್ನು ಮುಟ್ಟಿದಾಗ ಔಷಧಿ ಬಿಟ್ಟರೆ, ಚಾಪೆಯಡಿ ನೀರು ನುಗ್ಗಿದಂತೆ ಸ್ನಾಯು ಮೆಲ್ಲಗೆ ಮೇಲೇಳುತ್ತದೆ. ಔಷಧಿ ಮೇಲೂ ಕೆಳಗೂ ಹಬ್ಬಿ, ನರದೊಳಕ್ಕೆ ಸೋಡಿಯಂ ನುಗ್ಗುವ ಬಾಗಿಲುಗಳನ್ನು ಮುಚ್ಚುತ್ತದೆ.

ಎಪಿಡ್ಯೂರಲ್, ಈ ಸ್ನಾಯುವಿನಡಿಯ ಬ್ಲಾಕ್ ಎರಡನ್ನೂ ತೂಗಿ ನೋಡಿದವರಲ್ಲಿ ನಮ್ಮ ಜಯದೇವ ಹೃದ್ರೋಗ ಸಂಸ್ಥೆಯ ತಜ್ಞರಿದ್ದಾರೆ. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 50 ರೋಗಿಗಳು. ಮೊದಲ 12 ಗಂಟೆ ಎರಡೂ ಗುಂಪು ಸಮಸಮ. 24ರಿಂದ 48ನೇ ಗಂಟೆಯವರೆಗೆ ಸ್ನಾಯುವಿನಡಿಯ ಬ್ಲಾಕ್ ಪಡೆದವರಿಗೇ ನೋವು ಕಡಿಮೆ. ಸಣ್ಣ ಅಧ್ಯಯನ, ನಿಜ. ಆದರೆ ಮಲಗಿದ್ದಾಗಿನ ನೋವಿನ ಜತೆಗೆ ಕೆಮ್ಮುವಾಗಿನ ನೋವನ್ನೂ ಅಳೆದರಲ್ಲ, ನನಗೆ ಅದೇ ದೊಡ್ಡದು.

ಔಷಧಿ ಎದೆಯ ಮುಂಭಾಗದವರೆಗೆ ಎಲ್ಲರಲ್ಲೂ ಒಂದೇ ರೀತಿ ಹಬ್ಬುವುದಿಲ್ಲ. ಅದಕ್ಕೇ ಕೆಲವರು ಎದೆಮೂಳೆಯ ಪಕ್ಕದಲ್ಲೇ ಸೂಜಿ ಹಾಕುತ್ತಾರೆ. ಬೈಪಾಸ್‌ಗೆಂದು ರಕ್ತನಾಳ ತೆಗೆದ ಕಾಲಿನ ಗಾಯಕ್ಕಂತೂ ಎರಡೂ ತಲುಪವು. ಅಲ್ಲಿನ ನರಗಳು ಬರುವುದು ಸೊಂಟದ ಕಡೆಯಿಂದ. ಎದೆ ಹಗುರವಾದ ತಾತ ಮೂರನೇ ದಿನ ನಡೆಯಲೆದ್ದು “ಕಾಲು ನೋಯ್ತದಪ್ಪಾ” ಎಂದರೆ ಮಗ ಗಾಬರಿಯಾಗಬೇಕಿಲ್ಲ, ನರ್ಸ್‌ಗೆ ಹೇಳಬೇಕು.