ಮತ ಹದಿನೆಂಟಕ್ಕೆ, ಸ್ಥಾನ ಎಂದಿಗೆ?

ಅಡಿಕೆ ಸಸಿ ನೆಟ್ಟವರು ಫಸಲಿಗಾಗಿ ಐದಾರು ವರ್ಷ ಕಾಯಬೇಕು. ಅನಂತರ ಮರ ಹಲವು ದಶಕಗಳ ಕಾಲ ಫಲ ಕೊಡುತ್ತದೆ. ಎಂದರೆ, ಅರವತ್ತು ದಾಟಿದ ಯಜಮಾನರು ಇಂದು ಕೈಗೊಳ್ಳುವ ನಿರ್ಧಾರದ ಫಲವನ್ನು ಉಣ್ಣುವವರೂ, ಅದಕ್ಕಾಗಿ ಮಾಡಿದ ಸಾಲವನ್ನು ತೀರಿಸುವವರೂ ಬಹುಪಾಲು ಮನೆಯ ಮಕ್ಕಳೇ. ರಾಜ್ಯಭಾರದ ಮಾತೂ ಇದಕ್ಕಿಂತ ಬೇರೆಯಲ್ಲ. ಹಾಗಿರುವಾಗ ನಿರ್ಧಾರ ಮಾಡುವ ಸಭೆಗಳಲ್ಲಿ ಕಿರಿಯರು ಎಷ್ಟು ಮಂದಿ ಇದ್ದಾರೆ?

ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಆದರೆ ಅಭ್ಯರ್ಥಿಯಾಗಿ ನಿಲ್ಲಲು ಪಂಚಾಯಿತಿಗೆ 21, ವಿಧಾನಸಭೆ ಮತ್ತು ಲೋಕಸಭೆಗೆ 25, ವಿಧಾನ ಪರಿಷತ್ತು ಮತ್ತು ರಾಜ್ಯಸಭೆಗೆ 30 ವರ್ಷ ತುಂಬಿರಲೇಬೇಕು. ಇನ್ನು ಗೆದ್ದು ಬಂದವರನ್ನು ನೋಡೋಣ. 1952ರ ಮೊದಲ ಲೋಕಸಭೆಯಲ್ಲಿ ನಲವತ್ತರೊಳಗಿನವರು ಸುಮಾರು ಶೇಕಡಾ 26ರಷ್ಟಿದ್ದರು. 2024ರಲ್ಲಿ ಚುನಾಯಿತವಾದ ಲೋಕಸಭೆಯಲ್ಲಿ ಅವರು ಸುಮಾರು ಶೇಕಡಾ 11 ಮಾತ್ರ. ಸದಸ್ಯರ ಸರಾಸರಿ ವಯಸ್ಸು 56. ಮತದಾರರ ಪಟ್ಟಿಗೆ ಕಿರಿಯರು ಸೇರಿದರು, ಸದನಕ್ಕೆ ಮಾತ್ರ ವಯಸ್ಸಾಯಿತು!

ವಯಸ್ಸಿಗೂ ಮೀಸಲಾತಿ ಬೇಕೆ ಎಂದು ಕೆಲವರು ಕೇಳಬಹುದು. ಜಾತಿಯಂತೆ ವಯಸ್ಸು ಜೀವನವಿಡೀ ಅಂಟಿಕೊಂಡಿರುವುದಲ್ಲ. ಇಂದಿನ ಕಿರಿಯರು ನಾಳೆ ಹಿರಿಯರಾಗುತ್ತಾರೆಂಬುದು ನಿಜ. ಹಿರಿಯರ ಅನುಭವವೂ ಸಾಮಾನ್ಯವಾದುದಲ್ಲ. ಕಾಫಿ ಮಂಡಳಿಯ ಪೂಲಿಂಗ್ ಕಾಲವನ್ನೂ, 1996ರಲ್ಲಿ ಪೂರ್ಣ ಮುಕ್ತ ಮಾರಾಟ ಬಂದುದನ್ನೂ ಸ್ವತಃ ಕಂಡವರು ಅವರು. ಆದರೆ ಕಿರಿಯರಿಗೆ ಸರದಿ ಬರುವಷ್ಟರಲ್ಲಿ, ಅವರ ಹೆಗಲಿಗೆ ಬೀಳಬೇಕಾದ ಹೊರೆಯನ್ನು ಅವರನ್ನು ಕೇಳದೆಯೇ ಕಟ್ಟಿ ಆಗಿರುತ್ತದೆ. ಹಿರಿಯರನ್ನು ಇಳಿಸಬೇಕೆಂಬುದು ನಮ್ಮ ವಾದವಲ್ಲ. ಪಕ್ಕದಲ್ಲಿ ಒಂದು ಕುರ್ಚಿ ಹಾಕಬೇಕೆಂಬುದಷ್ಟೇ.

ಈ ಮಾತನ್ನು ದೆಹಲಿಗೆ ಹೇಳುವ ಮುನ್ನ ನಮ್ಮ ಅಂಗಳವನ್ನು ನೋಡಿಕೊಳ್ಳುವುದು ಒಳ್ಳೆಯದು. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ವರ್ಗದವರಿಗೂ ಸ್ಥಾನ ಮೀಸಲಿದೆ, ಯುವಕರಿಗೆಂದು ಇಲ್ಲ. ಮೇಲಾಗಿ, ಎಷ್ಟೋ ಮನೆಗಳಲ್ಲಿ ಪಹಣಿಯೂ ಸಂಘದ ಷೇರೂ ತಂದೆಯ ಹೆಸರಿನಲ್ಲಿಯೇ ಇವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವವನು ಮಗ, ಕಾಫಿ ಕೊಯ್ಲಿನ ಲೆಕ್ಕ ಬರೆಯುವವಳು ಮಗಳು ಅಥವಾ ಸೊಸೆ. ವಿಧಾನಸಭೆಗೆ ಮತ ಹಾಕಬಲ್ಲ ಇವರು ತಮ್ಮದೇ ಸಂಘದ ಮಹಾಸಭೆಯಲ್ಲಿ ಕೈ ಎತ್ತುವಂತಿಲ್ಲ. ತೋಟ ಬಿಟ್ಟು ಪೇಟೆಗೆ ಹೋದರೆಂದು ಮಕ್ಕಳನ್ನು ದೂರುವ ನಾವು, ಇಲ್ಲಿ ಅವರ ಮಾತಿಗೆ ಏನು ಬೆಲೆ ಕೊಟ್ಟಿದ್ದೇವೆಂದು ಯೋಚಿಸಬೇಡವೆ?

ಆದುದರಿಂದ ಸದಸ್ಯ ಬಂಧುಗಳಲ್ಲಿ ಮೂರು ಸಲಹೆಗಳು. ಮೊದಲನೆಯದು, ತೋಟ ನೋಡಿಕೊಳ್ಳುವ ಮಕ್ಕಳನ್ನೂ ಸೊಸೆಯಂದಿರನ್ನೂ ಸದಸ್ಯರನ್ನಾಗಿ ಮಾಡಲು ಉಪನಿಯಮದಲ್ಲಿರುವ ಅವಕಾಶವನ್ನು ಕಾರ್ಯದರ್ಶಿಯವರಲ್ಲಿ ವಿಚಾರಿಸಿರಿ. ಎರಡನೆಯದು, ಮುಂದಿನ ಚುನಾವಣೆಯಲ್ಲಿ ನಲವತ್ತರೊಳಗಿನ ಒಬ್ಬರ ಹೆಸರನ್ನಾದರೂ ನೀವೇ ಸೂಚಿಸಿರಿ. ಇದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ. ಮೂರನೆಯದು, ಮನೆಯಲ್ಲಿ 17 ತುಂಬಿದವರಿದ್ದರೆ ಮತದಾರರ ಪಟ್ಟಿಗೆ ಈಗಲೇ ನಮೂನೆ 6ರಲ್ಲಿ ಮುಂಗಡ ಅರ್ಜಿ ಕೊಡಿಸಿರಿ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೆಯ ತಾರೀಖು, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ.

ಹಳೆಯ ಮರಗಳು ಫಲ ಕೊಡುತ್ತಿರುವಾಗಲೇ ನಡುವೆ ಹೊಸ ಸಸಿ ಇಡುವುದು ನಮ್ಮ ತೋಟಗಳ ವಾಡಿಕೆ. ಮರ ಒರಗಿದ ಮೇಲೆ ಗುಂಡಿ ತೋಡಲು ಹೊರಟವರ ತೋಟ ಬಹುಕಾಲ ಬರಿದಾಗಿರುತ್ತದೆ. ಸಂಘಕ್ಕೂ ಶಾಸನಸಭೆಗೂ ಇದೇ ನ್ಯಾಯ.